ಅಂಗಳದ ಪೀಪಾಯಿಯಲ್ಲಿ ಅಂಜೂರ

ಮಣ್ಣಿಲ್ಲದೆ ಹಣ್ಣಿನ ಗಿಡ ಬೆಳೆಸಬಹುದೆಂದರೆ ಉಮರ್ಗಾ, ನಿಲಂಗಾ, ಉದಗೀರ ಕಡೆಯ ರೈತರು ನಕ್ಕಾರು. ಎರೆಯ ನಾಡಿನಲ್ಲಿ ಮಣ್ಣಿಗೇನು ಬರ? ಬರವಿರುವುದು ನೀರಿಗೆ. 2016ರ ಏಪ್ರಿಲಿನಲ್ಲಿ ಮಿರಜದಿಂದ ಲಾತೂರಿಗೆ ರೈಲಿನಲ್ಲಿ ನೀರು ಬಂದುದನ್ನು ನಾವಾರೂ ಮರೆತಿಲ್ಲ. ಅಂಥ ಬೇಸಿಗೆಯಲ್ಲಿ ಮನೆಯ ಒಂದು ಹಣ್ಣಿನ ಗಿಡ ಉಳಿಯಬೇಕಾದರೆ ಹಾಕಿದ ನೀರು ಇಂಗಿಹೋಗಬಾರದು.

1946ರಲ್ಲಿ ಶೋಲ್ಟೊ ಡಗ್ಲಾಸರು ಕಾಲಿಂಪಾಂಗಿನಲ್ಲಿ ಪ್ರಯೋಗ ನಡೆಸಿ, ಖಡಿ ಮತ್ತು ಉಸುಕಿನಲ್ಲಿ ಬೆಳೆ ತೆಗೆಯುವ ಬಂಗಾಲ ಪದ್ಧತಿಯನ್ನು ಬಳಕೆಗೆ ತಂದರು. ಪಂಪು ಬೇಡ, ವಿದ್ಯುತ್ತು ಬೇಡ. ನಮಗೆ ಒಪ್ಪುವುದು ಇದೇ; ಕರಿಕಲ್ಲಿನ ಖಡಿಗಂತೂ ನಮ್ಮಲ್ಲಿ ಕೊರತೆಯಿಲ್ಲ.

ಮಾವಿನ ಆಸೆ ಬೇಡ. ಪರಾಗಸ್ಪರ್ಶವಿಲ್ಲದೆಯೂ ಕಾಯಿ ಕಟ್ಟುವ, ಕತ್ತರಿಸಿ ಗಿಡ್ಡವಾಗಿಡಬಹುದಾದ ಪುಣೆ ಅಂಜೂರವೇ ಲೇಸು. 100 ಲೀಟರಿನ ಪೀಪಾಯಿಗೆ ತಳದಿಂದ ಮೂರು ಬೆರಳು ಮೇಲೆ ಪಕ್ಕದಲ್ಲಿ ತೂತು ಕೊರೆಯಿರಿ. ಅದರ ಕೆಳಗಿನ ನೀರು ಬೇರಿಗೆ ಆಸರೆ. ಹೆಚ್ಚಿನದು ಹೊರಬಿದ್ದು ಕೆಳಗಿಟ್ಟ ಬುಟ್ಟಿಗೆ ಬರಲಿ, ಅದನ್ನೇ ಮತ್ತೆ ಹಾಕಬಹುದು. ತೊಳೆದ ಖಡಿ, ಉಸುಕು ತುಂಬಿ ಬೇರುಬಿಟ್ಟ ಕಡ್ಡಿ ನೆಡಿರಿ. ತುಂಬಿದ ಪೀಪಾಯಿ ಒಂದೂವರೆ ಕ್ವಿಂಟಲ್ ತೂಗುತ್ತದೆ. 1993ರ ಕಿಲ್ಲಾರಿ ಭೂಕಂಪ ಕಂಡವರಿಗೆ ಮಣ್ಣಿನ ಮಾಳಿಗೆಯ ಮೇಲೆ ಭಾರ ಹೇರಬೇಡಿರೆಂದು ಹೇಳಬೇಕಾಗಿಲ್ಲ, ಅಂಗಳದಲ್ಲಿಡಿರಿ.

ಖಡಿಯಲ್ಲಿ ಸತ್ವವಿಲ್ಲ, ಎಲ್ಲವನ್ನೂ ನೀರಿನಲ್ಲೇ ಕೊಡಬೇಕು. ಲೀಟರಿಗೆ ಕ್ಯಾಲ್ಸಿಯಂ ನೈಟ್ರೇಟ್ 1 ಗ್ರಾಂ, ಪೊಟ್ಯಾಸಿಯಂ ನೈಟ್ರೇಟ್ ಅರ್ಧ ಗ್ರಾಂ, ಮೆಗ್ನೀಷಿಯಂ ಸಲ್ಫೇಟ್ ಅರ್ಧ ಗ್ರಾಂ, 0:52:34 ಗೊಬ್ಬರ ಕಾಲು ಗ್ರಾಂ. ಜೊತೆಗೆ ಚೀಟಿಯಲ್ಲಿ ಬರೆದಷ್ಟು ಸೂಕ್ಷ್ಮ ಪೋಷಕ. ಎಳೆ ಗಿಡಕ್ಕೆ ಇದರರ್ಧ ಸಾಕು. ಕ್ಯಾಲ್ಸಿಯಮ್ಮನ್ನು ಮಾತ್ರ ಬೇರೆ ಬಕೀಟಿನಲ್ಲಿ ಕರಗಿಸಿರಿ; ಗಟ್ಟಿ ದ್ರಾವಣಗಳು ಕೂಡಿದರೆ ಸುಣ್ಣದಂತೆ ತಳಕ್ಕಿಳಿದು ಗೊಬ್ಬರ ವ್ಯರ್ಥ.

ನಮ್ಮ ಕಡೆ ತೊಡಕಿರುವುದು ಬಾವಿ ನೀರಿನಲ್ಲೇ. ಅದರ ಸುಣ್ಣದಂಶಕ್ಕೆ ಕಬ್ಬಿಣ ಬೇರಿಗೆ ದಕ್ಕದಾಗುತ್ತದೆ. ನರ ಹಸಿರಾಗಿದ್ದು ಎಳೆ ಎಲೆ ಹಳದಿಯಾದರೆ ಇದೇ ಕಾರಣವೆಂದು ತಿಳಿಯಿರಿ. ಮಳೆ ನೀರೇ ಮದ್ದು. 20 ಚದರ ಮೀಟರಿನ ಪತ್ರಾಸಿನ ಮೇಲೆ 25 ಮಿಲಿಮೀಟರ್ ಮಳೆಯಾದರೆ ಹೆಚ್ಚು ಕಡಿಮೆ 500 ಲೀಟರ್ ಸಿಕ್ಕೀತು. ಮುಚ್ಚಿಡಿರಿ, ಸೊಳ್ಳೆ ಸೇರದಂತೆ.

ಮರ ಕುಡಿಯುವ ನೀರನ್ನು ಯಾರೂ ಉಳಿಸಲಾರರು. ಏಪ್ರಿಲ್-ಮೇ ತಿಂಗಳಲ್ಲಿ ದಿನವೂ ನೋಡಿ ಹಾಕಲೇಬೇಕು. ಹದಿನೈದು ದಿನಕ್ಕೊಮ್ಮೆ ಬರಿ ನೀರಿನಿಂದ ಖಡಿ ತೊಳೆದು, ಆ ನೀರನ್ನು ಕರಿಬೇವಿಗೆ ಬಿಡಿರಿ. ಬಿಸಿಲಿಗೆ ಪೀಪಾಯಿ ಕಾಯದಂತೆ ಹೊರಗೆ ಗೋಣಿ ಸುತ್ತಿರಿ.