ಪ್ರೀತಿ ಇದ್ದರೆ ಮಗುವಿಗೆ ಬಣ್ಣ ಕಾಣುವುದಿಲ್ಲವೇ?

ಜಾಕಿ ಕೇ ಹುಟ್ಟಿದ್ದು 1961ರಲ್ಲಿ, ಎಡಿನ್‌ಬರೋದಲ್ಲಿ. ಹೆತ್ತ ತಾಯಿ ಸ್ಕಾಟ್ಲೆಂಡಿನ ಬಿಳಿಯ ಹೆಣ್ಣುಮಗಳು. ತಂದೆ ನೈಜೀರಿಯಾದಿಂದ ಓದಲು ಬಂದಿದ್ದ ಯುವಕ. ಮಗುವನ್ನು ದತ್ತು ಪಡೆದವರು ಗ್ಲಾಸ್ಗೋದ ಬಿಳಿಯ ದಂಪತಿ ಹೆಲೆನ್ ಮತ್ತು ಜಾನ್ ಕೇ. ಆ ಹುಡುಗಿ ಬೆಳೆದು ಕವಿಯಾದರು, 2016ರಿಂದ 2021ರವರೆಗೆ ಸ್ಕಾಟ್ಲೆಂಡಿನ ರಾಷ್ಟ್ರಕವಿಯೂ ಆಗಿದ್ದರು. ಇಂಥ ಮಕ್ಕಳ ಬಗ್ಗೆ ಜನ ಸಲೀಸಾಗಿ ಆಡುವ ಮಾತುಗಳನ್ನು ಅವರ ಬದುಕಿನ ಪಕ್ಕದಲ್ಲಿಟ್ಟು ನೋಡಬೇಕು.

ತಪ್ಪು ಕಲ್ಪನೆ: ಮನೆಯಲ್ಲಿ ಪ್ರೀತಿ ಇದ್ದರೆ ಸಾಕು, ಬಣ್ಣ ಮಗುವಿನ ಗಮನಕ್ಕೇ ಬರುವುದಿಲ್ಲ.

ಸತ್ಯ: ಬರುತ್ತದೆ, ಬೇಗನೆ ಬರುತ್ತದೆ. ಏಳನೆಯ ವಯಸ್ಸಿನಲ್ಲಿ ಕೌಬಾಯ್ ಸಿನಿಮಾ ನೋಡುತ್ತಿದ್ದ ಜಾಕಿಗೆ ಸೋಲುತ್ತಿದ್ದ ರೆಡ್ ಇಂಡಿಯನ್ನರ ಬಣ್ಣ ತನ್ನದೇ ಅನಿಸಿತು. ಅಮ್ಮನ ಬಣ್ಣ ಬೇರೆ ಎಂಬುದು ಹೊಳೆದದ್ದೂ ಆಗಲೇ. ಅಮೆರಿಕದಲ್ಲಿ 1940ರ ದಶಕದಲ್ಲಿ ಮನೋವಿಜ್ಞಾನಿಗಳಾದ ಕೆನೆತ್ ಮತ್ತು ಮೇಮಿ ಕ್ಲಾರ್ಕ್ ದಂಪತಿ ಮೂರರಿಂದ ಏಳು ವರ್ಷದ ಕಪ್ಪು ಮಕ್ಕಳ ಮುಂದೆ ಬಿಳಿ ಮತ್ತು ಕಂದು ಗೊಂಬೆಗಳನ್ನು ಇಟ್ಟರು. ಹೆಚ್ಚಿನ ಮಕ್ಕಳು ಬಿಳಿ ಗೊಂಬೆಯನ್ನೇ ಒಳ್ಳೆಯದೆಂದರು. ಅಷ್ಟು ಎಳೆಯ ವಯಸ್ಸಿಗೇ ಲೋಕ ಪಾಠ ಕಲಿಸಿಬಿಟ್ಟಿರುತ್ತದೆ. ‘ನಮಗೆ ಬಣ್ಣ ಕಾಣುವುದೇ ಇಲ್ಲ’ ಎನ್ನುವ ತಂದೆತಾಯಿಯ ಉದ್ದೇಶ ಒಳ್ಳೆಯದೇ. ಆದರೆ ಶಾಲೆಯಲ್ಲಿ ಹೀಯಾಳಿಸಿಕೊಂಡು ಬಂದ ಮಗು ಅದನ್ನು ಯಾರ ಬಳಿ ಹೇಳಬೇಕು? ಈ ಮೌನವೇ ಎಲ್ಲಕ್ಕಿಂತ ಹೆಚ್ಚು ಹಾನಿ ಮಾಡುತ್ತದೆ ಎಂದು ನನ್ನ ನಂಬಿಕೆ.

ತಪ್ಪು ಕಲ್ಪನೆ: ಹಾಗಾದರೆ ಬಿಳಿಯರ ಮನೆಯಲ್ಲಿ ಬೆಳೆದ ಮಗುವಿಗೆ ತನ್ನ ಗುರುತು ಸಿಗುವುದೇ ಇಲ್ಲ.

ಸತ್ಯ: ಇಷ್ಟು ಸರಳವಲ್ಲ. ಅಮೆರಿಕದ ಕಪ್ಪು ಸಮಾಜಕಾರ್ಯಕರ್ತರ ರಾಷ್ಟ್ರೀಯ ಸಂಘ 1972ರಲ್ಲಿ ಇಂಥ ದತ್ತುವನ್ನು ಬಲವಾಗಿ ವಿರೋಧಿಸಿತು. ಜನಾಂಗ ದ್ವೇಷವನ್ನು ಎದುರಿಸಿ ಬದುಕುವುದನ್ನು ಮಗುವಿಗೆ ಯಾರು ಕಲಿಸುತ್ತಾರೆ ಎಂಬ ಅವರ ಆತಂಕ ನ್ಯಾಯವಾದದ್ದೇ. ಆದರೆ ಇಂಥ ಮಕ್ಕಳನ್ನು 1971ರಿಂದ ವರ್ಷಗಟ್ಟಲೆ ಗಮನಿಸಿದ ಸಂಶೋಧಕರಾದ ರೀಟಾ ಸೈಮನ್ ಮತ್ತು ಹೊವರ್ಡ್ ಆಲ್ಟ್‌ಸ್ಟೀನ್ ಕಂಡದ್ದು, ಬಹುಪಾಲು ಮಕ್ಕಳು ಆತ್ಮಗೌರವದಿಂದಲೇ ಬೆಳೆದಿದ್ದರು ಎಂಬುದನ್ನು.

ತಪ್ಪು ಕಲ್ಪನೆ: ಹೆತ್ತವರನ್ನು ಹುಡುಕಿ ಹೊರಟರೆ ಸಾಕಿದವರಿಗೆ ದ್ರೋಹ ಬಗೆದಂತೆ.

ಸತ್ಯ: ಜಾಕಿ ಇಬ್ಬರನ್ನೂ ಹುಡುಕಿದರು. ನೈಜೀರಿಯಾದ ಹೋಟೆಲ್ ಕೋಣೆಯಲ್ಲಿ ಭೇಟಿಯಾದ ತಂದೆ ಕಟ್ಟಾ ಕ್ರೈಸ್ತನಾಗಿದ್ದ, ಮಗಳಿಗಾಗಿ ಗಂಟೆಗಟ್ಟಲೆ ಪ್ರಾರ್ಥಿಸಿದ. ಆದರೆ ಅವಳನ್ನು ಲೋಕದೆದುರು ಮಗಳೆಂದು ಒಪ್ಪಿಕೊಳ್ಳಲು ಸಿದ್ಧನಿರಲಿಲ್ಲ. ಇದನ್ನೆಲ್ಲ ಜಾಕಿ 2010ರ ‘ರೆಡ್ ಡಸ್ಟ್ ರೋಡ್’ ಪುಸ್ತಕದಲ್ಲಿ ಬರೆದಿದ್ದಾರೆ. ಆ ಹುಡುಕಾಟದ ನಂತರವೂ ಹೆಲೆನ್ ಮತ್ತು ಜಾನ್ ಅವರೇ ಅವರಿಗೆ ಅಮ್ಮ, ಅಪ್ಪ. ಮಗು ಹುಡುಕುವುದು ತನ್ನ ಕಥೆಯ ಮೊದಲ ಅಧ್ಯಾಯವನ್ನು, ಬದಲಿ ಅಮ್ಮನನ್ನಲ್ಲ. ಭಾರತದ 2022ರ ದತ್ತು ನಿಯಮಾವಳಿಯೂ ದತ್ತು ಹೋದವರಿಗೆ ತಮ್ಮ ಮೂಲ ಹುಡುಕಲು ದಾರಿ ಕೊಟ್ಟಿದೆ. ಹೆತ್ತವರ ಗೋಪ್ಯತೆಯನ್ನೂ ಅದು ಕಾಯುತ್ತದೆ.

ಇನ್ನು ಇಂಥ ಮಕ್ಕಳನ್ನು ‘ಅರ್ಧ ಇದು, ಅರ್ಧ ಅದು’ ಎನ್ನುವ ಲೆಕ್ಕವೂ ತಪ್ಪು. ಅಮೆರಿಕದ ಜನಗಣತಿಯೇ 2000ದಿಂದ ಒಬ್ಬರಿಗೆ ಒಂದಕ್ಕಿಂತ ಹೆಚ್ಚು ಜನಾಂಗಗಳನ್ನು ಗುರುತಿಸಿಕೊಳ್ಳಲು ಅವಕಾಶ ಕೊಟ್ಟಿದೆ. ಜಾಕಿ ಪೂರ್ತಿ ಸ್ಕಾಟಿಷ್, ಪೂರ್ತಿ ಕಪ್ಪು ಹೆಣ್ಣುಮಗಳು.

ನಮ್ಮ ನೆಂಟರಿಷ್ಟರಲ್ಲೂ ದತ್ತು ಮಗುವಿನ ಮುಖ ನೋಡಿ ‘ಯಾರ ಹಾಗೂ ಇಲ್ಲವಲ್ಲ, ಬಣ್ಣವೂ ಬೇರೆ’ ಎನ್ನುವವರಿದ್ದಾರೆ. ದಯವಿಟ್ಟು ಮಗುವಿನ ಎದುರು ಆ ಮಾತು ಆಡಬೇಡಿ. ‘ನಿನ್ನ ನಿಜವಾದ ಅಮ್ಮ ಯಾರು’ ಎಂದಂತೂ ಕೇಳಲೇಬೇಡಿ.