ಕಪ್ಪುಕುಳಿಯ ಜಮಾ-ಖರ್ಚು

ಕಪ್ಪುಕುಳಿ ಎಂದರೆ ಸಿಕ್ಕಿದ್ದನ್ನೆಲ್ಲ ನುಂಗುವ ಬಕಾಸುರ ಎಂದು ನಾವೆಲ್ಲ ಕೇಳಿದ್ದೇವೆ. ಬೆಳಕು ಕೂಡ ಅದರೊಳಗೆ ಬಿದ್ದರೆ ಹೊರಗೆ ಬರಲಾರದು. ಆದರೆ ಮಕ್ಕಳೇ, ಈ ಬಕಾಸುರ ತನ್ನ ಸುತ್ತಲ ಊರಿಗೆಲ್ಲ ಒಲೆ ಉರಿಸಿ ಬಿಸಿ ಕಾಯ್ದಿಡುತ್ತಾನೆ ಎಂದರೆ ನಂಬುತ್ತೀರಾ?

ಕಾಣದ್ದನ್ನು ಕಾಣುವುದು ಹೇಗೆ?

ಕಮ್ಮಾರನ ಕುಲುಮೆಯಲ್ಲಿ ಕಬ್ಬಿಣ ಕಾದಂತೆಲ್ಲ ಮೊದಲು ಕೆಂಪಾಗಿ, ಆಮೇಲೆ ಹಳದಿಯಾಗಿ, ಕೊನೆಗೆ ಬೆಳ್ಳಗೆ ಹೊಳೆಯುತ್ತದೆ. ನಿಮ್ಮ ಅಜ್ಜ, ಅಜ್ಜಿ ನೋಡಿರುತ್ತಾರೆ, ಕೇಳಿ. ಶಾಖ ಹೆಚ್ಚಿದಂತೆ ಹೊಮ್ಮುವ ಬೆಳಕಿನ ಶಕ್ತಿಯೂ ಹೆಚ್ಚುತ್ತದೆ. ಅನಿಲವೊಂದು ಕೋಟಿಗಟ್ಟಲೆ ಡಿಗ್ರಿ ಕಾದರೆ? ಅದರ ಪರಮಾಣುಗಳಿಂದ ಎಲೆಕ್ಟ್ರಾನುಗಳು ಕಳಚಿಕೊಂಡು ಸಿಕ್ಕಾಪಟ್ಟೆ ಓಡತೊಡಗುತ್ತವೆ. ಇದೇ ಪ್ಲಾಸ್ಮಾ. ಇಷ್ಟು ಬಿಸಿಯಾದ ಪ್ಲಾಸ್ಮಾ ಮುಖ್ಯವಾಗಿ ಸೂಸುವುದು ಕಣ್ಣಿಗೆ ಕಾಣದ ಕ್ಷ-ಕಿರಣವನ್ನು. ಕೈ ಮುರಿದಾಗ ಆಸ್ಪತ್ರೆಯಲ್ಲಿ ತೆಗೆಯುತ್ತಾರಲ್ಲ, ಅದೇ ಎಕ್ಸ್‌ರೇ.

ಆಕಾಶದಿಂದ ಬರುವ ಕ್ಷ-ಕಿರಣವನ್ನು ನಮ್ಮ ವಾಯುಮಂಡಲ ಮೇಲೆಯೇ ತಡೆದುಬಿಡುತ್ತದೆ. ಹಾಗಾಗಿ ದೂರದರ್ಶಕವೇ ಮೇಲೆ ಹೋಗಬೇಕು. 1999ರ ಜುಲೈ 23ರಂದು ಅಮೆರಿಕದ ನಾಸಾ ಹಾರಿಸಿದ ಅಂಥ ದೂರದರ್ಶಕದ ಹೆಸರು 'ಚಂದ್ರ'. ಹೌದು, ನಮ್ಮ ಸುಬ್ರಹ್ಮಣ್ಯನ್ ಚಂದ್ರಶೇಖರ್ ಅವರ ನೆನಪಿಗೆ ಇಟ್ಟ ಹೆಸರು! 1930ರಲ್ಲಿ, 19ರ ವಯಸ್ಸಿನಲ್ಲಿ, ಇಂಗ್ಲೆಂಡಿಗೆ ಹೋಗುವ ಹಡಗಿನಲ್ಲಿ ಕುಳಿತೇ ನಕ್ಷತ್ರಗಳ ಮುಪ್ಪಿನ ಲೆಕ್ಕ ಹಾಕಿದವರು ಅವರು. 1983ರಲ್ಲಿ ನೊಬೆಲ್ ಬಂತು. ನಮ್ಮ ಇಸ್ರೋ 2015ರಲ್ಲಿ ಹಾರಿಸಿದ ಆಸ್ಟ್ರೋಸ್ಯಾಟ್‌ನಲ್ಲೂ ಕ್ಷ-ಕಿರಣ ನೋಡುವ ಉಪಕರಣಗಳಿವೆ.

ತಾಳೆಯಾಗದ ಲೆಕ್ಕ

ಸುಮಾರು 24 ಕೋಟಿ ಜ್ಯೋತಿರ್ವರ್ಷ ದೂರದಲ್ಲಿ ಪರ್ಸಿಯಸ್ ಎಂಬ ಗೆಲಾಕ್ಸಿಗಳ ಗುಂಪಿದೆ. ಗೆಲಾಕ್ಸಿಗಳ ನಡುವೆಲ್ಲ ಕೋಟಿಗಟ್ಟಲೆ ಡಿಗ್ರಿ ಕಾದ ಅನಿಲ ತುಂಬಿದೆ. ಗುಂಪಿನ ನಟ್ಟನಡುವಿನ ದೊಡ್ಡ ಗೆಲಾಕ್ಸಿಯಲ್ಲಿ ಒಂದು ಮಹಾ ಕಪ್ಪುಕುಳಿ.

ಜೀವಮಾನವೆಲ್ಲ ಬ್ಯಾಂಕಿನಲ್ಲಿ ಲೆಡ್ಜರ್ ಬರೆದ ನನಗೆ ಇಲ್ಲಿನ ಲೆಕ್ಕ ಬಹಳ ಹಿಡಿಸಿತು. ಅನಿಲ ಕ್ಷ-ಕಿರಣ ಸೂಸುತ್ತಿದೆ ಎಂದರೆ ಶಾಖ ಖರ್ಚಾಗುತ್ತಿದೆ. ಜಮಾ ಇಲ್ಲದೆ ಬರೀ ಖರ್ಚಾದರೆ ನಡುವಿನ ಅನಿಲ ನೂರು ಕೋಟಿ ವರ್ಷದೊಳಗೆ ತಣಿದು, ಒಳಕ್ಕೆ ಸುರಿದು, ರಾಶಿ ರಾಶಿ ಹೊಸ ನಕ್ಷತ್ರಗಳಾಗಬೇಕಿತ್ತು. ವಿಶ್ವಕ್ಕೆ ಸುಮಾರು 1,380 ಕೋಟಿ ವರ್ಷ ವಯಸ್ಸು. ಆದರೂ ಅಲ್ಲಿ ಅಷ್ಟು ನಕ್ಷತ್ರಗಳು ಹುಟ್ಟುತ್ತಿಲ್ಲ. ಹಾಗಾದರೆ ಈ ಖಾತೆಗೆ ಶಾಖ ಕಟ್ಟುತ್ತಿರುವವರು ಯಾರು?

ಉತ್ತರ 'ಚಂದ್ರ' ತೆಗೆದ ಚಿತ್ರಗಳಲ್ಲಿತ್ತು. ಕಪ್ಪುಕುಳಿಯ ಅಕ್ಕಪಕ್ಕ ಅನಿಲದಲ್ಲಿ ಭಾರಿ ಗುಳ್ಳೆಗಳು! ಕುಳಿಯ ಕಡೆಗೆ ಸುತ್ತಿ ಸುತ್ತಿ ಬೀಳುವ ಅನಿಲವೆಲ್ಲ ಒಳಗೆ ಹೋಗುವುದಿಲ್ಲ. ಸ್ವಲ್ಪ ಭಾಗ ಕುಳಿಯ ಹೊರಗಿನಿಂದಲೇ ಎರಡು ಚಿಲುಮೆಗಳಾಗಿ ಮಹಾವೇಗದಲ್ಲಿ ಚಿಮ್ಮಿ ಈ ಗುಳ್ಳೆಗಳನ್ನು ಊದುತ್ತದೆ. ಗುಳ್ಳೆಗಳಾಚೆ, ಕೆರೆಗೆ ಕಲ್ಲೆಸೆದಂತೆ, ಅಲೆ ಮೇಲೆ ಅಲೆ. ಅವು ಶಬ್ದದ ಅಲೆಗಳು ಎಂದು 2003ರಲ್ಲಿ ಕೇಂಬ್ರಿಜ್‌ನ ಆಂಡ್ರ್ಯೂ ಫೇಬಿಯನ್ ಮತ್ತು ಸಂಗಡಿಗರು ತಿಳಿಸಿದರು. ಆ ಸ್ವರ ಪಿಯಾನೋದ ನಡುಮನೆಗಿಂತ 57 ಸ್ಥಾಯಿ ಕೆಳಗಿದೆ. ಒಂದು ಅಲೆ ದಾಟಲು ಸುಮಾರು ಒಂದು ಕೋಟಿ ವರ್ಷ ಬೇಕು! ನಮ್ಮ ಕಿವಿಗೆ ಅದು ಕೇಳುವುದುಂಟೇ? ಆದರೆ ಗುಳ್ಳೆ, ಅಲೆಗಳ ಈ ಶಕ್ತಿಯೇ ಅನಿಲವನ್ನು ತಣಿಯದಂತೆ ಇಟ್ಟಿದೆ ಎಂಬುದು ವಿಜ್ಞಾನಿಗಳ ವಿವರಣೆ.

ಉರಿ ಹೆಚ್ಚು, ಉರಿ ಕಡಿಮೆ

ಅನಿಲ ತಣಿದರೆ ಕುಳಿಯತ್ತ ಹೆಚ್ಚು ಹರಿಯುತ್ತದೆ. ಆಹಾರ ಸಿಕ್ಕ ಕುಳಿ ಚಿಲುಮೆ ಚಿಮ್ಮಿಸುತ್ತದೆ. ಅನಿಲ ಕಾದು ಹರಿವು ನಿಧಾನವಾದರೆ ಕುಳಿಯೂ ತಣ್ಣಗಾಗುತ್ತದೆ. ಹಾಲು ಉಕ್ಕದಂತೆ, ಆರದಂತೆ ಅಜ್ಜಿ ಉರಿ ಹೆಚ್ಚುಕಡಿಮೆ ಮಾಡುವುದಿಲ್ಲವೇ, ಹಾಗೆ. ಒಂದು ಗೆಲಾಕ್ಸಿಯಲ್ಲಿ ಹೊಸ ನಕ್ಷತ್ರಗಳು ಎಷ್ಟು ಹುಟ್ಟಬೇಕು ಎಂಬುದರಲ್ಲಿ ಅದರ ನಡುವಿನ ಕಪ್ಪುಕುಳಿಯ ಕೈವಾಡವೂ ಇದೆ ಎಂದಾಯಿತು.

ಜನವರಿಯ ಸಂಜೆ ಅಜ್ಜ, ಅಜ್ಜಿಯರ ಜೊತೆ ಮಹಡಿ ಹತ್ತಿ. ನೆತ್ತಿಯ ಹತ್ತಿರ ಗೊಂಚಲಾಗಿ ಮಿನುಗುವ ಕೃತ್ತಿಕೆಯನ್ನು ಗುರುತಿಸಿ, ಅಲ್ಲಿಂದ ಉತ್ತರಕ್ಕೆ ಕಣ್ಣು ಹಾಯಿಸಿ. ಬರಿಗಣ್ಣಿಗೆ ಆ ಗೆಲಾಕ್ಸಿ ಕಾಣದು. ಆದರೆ ಆ ಒಲೆ ಉರಿಯುತ್ತಿರುವುದು ಆ ದಿಕ್ಕಿನಲ್ಲೇ.