ವಾರಕ್ಕೊಮ್ಮೆಯ ಮದ್ದು

ವರದಹಳ್ಳಿಯ ನಮ್ಮ ನೆರೆಮನೆಯ ವೃದ್ಧಮಾತೆಯೊಬ್ಬರು ಸಂಧಿವಾತಕ್ಕೆ ಕೊಟ್ಟ ಮೆಥೋಟ್ರೆಕ್ಸೇಟ್ ಗುಳಿಗೆಯನ್ನು ನಿತ್ಯವೂ ಸೇವಿಸಹೊರಟಿದ್ದರು. ವೈದ್ಯರ ಚೀಟಿಯನ್ನೋದಿ ನಾವು ತಡೆದೆವು. ಅದು ವಾರಕ್ಕೊಮ್ಮೆಯ ಮದ್ದು.

ರೂಪದಲ್ಲಿ ಇದು ಫೋಲಿಕ್ ಆಮ್ಲವೆಂಬ ಜೀವಸತ್ತ್ವವನ್ನು ಹೋಲುವುದು. ಬೀಗವನ್ನು ಹೊಕ್ಕೂ ತಿರುಗದ ಕೀಲಿಕೈಯಂತೆ ನಿಜವಾದುದಕ್ಕೆ ಎಡೆಗೊಡದು. ಆಗ ಜೀವಕೋಶಗಳು ವೃದ್ಧಿಸಲಾರವು. ಇದರ ಅಗ್ರಜವಾದ ಅಮಿನಾಪ್ಟೆರಿನ್ನನ್ನು ಸಿದ್ಧಪಡಿಸಿದುದು ಭೀಮಾವರದಲ್ಲಿ ಜನಿಸಿದ ಯಲ್ಲಾಪ್ರಗಡ ಸುಬ್ಬರಾಯರ ತಂಡ. ರಕ್ತದ ಅರ್ಬುದಕ್ಕೆ ತುತ್ತಾದ ಮಕ್ಕಳಲ್ಲಿ ಅದು ತಾತ್ಕಾಲಿಕ ಉಪಶಮನವಿತ್ತುದನ್ನು 1948ರಲ್ಲಿ ಸಿಡ್ನಿ ಫಾರ್ಬರರು ಪ್ರಕಟಿಸಿದರು. ಸಂಧಿವಾತಕ್ಕಾದರೋ ಅಲ್ಪಪ್ರಮಾಣವೇ ಸಾಕು.

ಆದರೆ ಈ ಮದ್ದು ರುಗ್ಣಕೋಶ, ಸ್ವಸ್ಥಕೋಶಗಳೆಂಬ ಭೇದವನ್ನರಿಯದು. ಶೀಘ್ರವಾಗಿ ಬೆಳೆಯುವ ಬಾಯಿಯ ಪೊರೆಯೂ ಅಸ್ಥಿಮಜ್ಜೆಯೂ ಮೊದಲು ಬಾಧೆಗೊಳ್ಳುವುವು. ಬಾಯಿಹುಣ್ಣು, ಜ್ವರ ಕಂಡೊಡನೆ ವೈದ್ಯರಿಗೆ ತಿಳಿಸಬೇಕು, ರಕ್ತಪರೀಕ್ಷೆಯನ್ನು ತಪ್ಪಿಸಬಾರದು, ಗರ್ಭಿಣಿಯರಿಗೆ ಇದು ಸರ್ವಥಾ ಸಲ್ಲದು.

ವಾಚಕರೇ, ಮನೆಯ ಪಂಚಾಂಗದಲ್ಲಿ ಆ ಒಂದು ದಿನವನ್ನು ಗುರುತಿಸಿಡಿರಿ.